ನೋಡಿ ಬರೆದ ಸೊನ್ನೆ

ಈ ಸಭೆಯ ಅಧ್ಯಕ್ಷರೂ ನಮ್ಮ ಪಕ್ಕದ ತೋಟದವರೂ ಆದ ಓಂಕಾರಪ್ಪನವರೇ, ಕಡಲ ಸಂಶೋಧನಾ ಕೇಂದ್ರದಿಂದ ಘಟ್ಟ ಹತ್ತಿ ಬಂದಿರುವ ಡಾ. ಪ್ರೇಮಕುಮಾರಿ ಮೇಡಂ ಅವರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ಸನ್ಮಾನ ಸ್ವೀಕರಿಸಲಿರುವ ನನ್ನ ಅಜ್ಜ ಮಂಜಯ್ಯನವರೇ, ಮೆಣಸು ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬಂದಿರುವ ಕಳಸದ ಬೆಳೆಗಾರ ಬಂಧುಗಳೇ, ಸಭಿಕರೇ, ಎಲ್ಲರಿಗೂ ವಂದನೆಗಳು.

ನನಗೆ ಸಭೆಯಲ್ಲಿ ಮಾತನಾಡಿ ಅಭ್ಯಾಸವಿಲ್ಲ. ಕಾಲೇಜಿನಲ್ಲಿ ಒಮ್ಮೆ ವಂದನಾರ್ಪಣೆಗೆ ನಿಲ್ಲಿಸಿದ್ದರು. ಮುಖ್ಯ ಅತಿಥಿಗಳನ್ನು ಮರೆತು, ಮೈಕಿನವರಿಗೆ ಎರಡು ಸಲ ವಂದಿಸಿ ಇಳಿದಿದ್ದೆ. ಆದ್ದರಿಂದ ಇವತ್ತು ಎಲ್ಲವನ್ನೂ ಬರೆದುಕೊಂಡು ಬಂದಿದ್ದೇನೆ. ಆದರೆ ಈ ಹಾಳೆಯಲ್ಲಿ ಇಲ್ಲದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಇವತ್ತು ಬೆಳಿಗ್ಗೆ ಕಂಡದ್ದು.

ಎಂಟು ಗಂಟೆಗೆ ಅಜ್ಜ ಎಂದಿನಂತೆ ಮನೆಯ ಹಿಂದಿನ ಬೋಳುಗುಡ್ಡ ಹತ್ತಿದರು. ಸನ್ಮಾನಕ್ಕೆಂದು ಇಸ್ತ್ರಿ ಮಾಡಿಸಿದ ಪಂಚೆ ಆಗಲೇ ಉಟ್ಟಿದ್ದರು. ಅದನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡೇ ಹತ್ತಿದರು. ನಾನು ಹಿಂದೆ ಹೋದೆ. ರೈನ್‌ಗೇಜಿನ ಒಳಗಿನ ಬಾಟಲಿ ತೆಗೆದು ಅಳತೆಯ ಗ್ಲಾಸಿಗೆ ಬಗ್ಗಿಸಿದರು. ಒಂದು ಸತ್ತ ಇರುವೆ ಬಿತ್ತು. ಅಷ್ಟೇ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ಇರುವೆಯನ್ನು ಊದಿ ಹಾರಿಸಿ ಮತ್ತೊಮ್ಮೆ ನೋಡಿದರು. ಆಮೇಲೆ ಮಳೆ ಪುಸ್ತಕದಲ್ಲಿ ಬರೆದರು: ಸೊನ್ನೆ.

ಕಳಸದಲ್ಲಿ ಮಳೆ ಬಿದ್ದು ಎಷ್ಟು ದಿನವಾಯಿತು? ನಿಮಗೇ ಗೊತ್ತು. ಡಿಸೆಂಬರಿನಿಂದ ಒಂದು ಹನಿ ಇಲ್ಲ. ಮಳೆ ಬಂದಿಲ್ಲವೆಂದು ತಿಳಿಯಲು ಎಪ್ಪತ್ತೆಂಟು ವರ್ಷದ ಮನುಷ್ಯ ಗುಡ್ಡ ಹತ್ತಬೇಕೇ? "ಮಂಚದ ಮೇಲೆ ಕೂತೇ ಸೊನ್ನೆ ಬರೀಬಹುದಲ್ಲ ಅಜ್ಜ" ಎಂದು ಹಿಂದೊಮ್ಮೆ ಕೇಳಿದ್ದೆ. "ಬರೀಬಹುದು. ಆದ್ರೆ ಅದು ಸೊನ್ನೆ ಆಗಲ್ಲ, ಸೋಮಾರಿತನ ಆಗ್ತದೆ" ಎಂದಿದ್ದರು.

ಇರಲಿ. ಈಗ ಹಾಳೆಗೆ ಬರುತ್ತೇನೆ.

ನನಗೆ ಕೊಟ್ಟಿರುವ ವಿಷಯ ಕಡಲಿನ ಸ್ಥಿತಿಗತಿ ಮತ್ತು ಸ್ಪರ್ಮ್ ತಿಮಿಂಗಿಲಗಳು. ಆಮಂತ್ರಣ ಪತ್ರಿಕೆ ಓದಿದವರೆಲ್ಲ ಕೇಳಿದ್ದು ಒಂದೇ: "ಬೆಳೆಗಾರರ ಸಂಘದಲ್ಲಿ ತಿಮಿಂಗಿಲಕ್ಕೇನು ಕೆಲಸ ಮಾರಾಯ್ತಿ?" ಜೀಪಿನ ದೇವೇಂದ್ರಣ್ಣ ಮಾತ್ರ ಬೇರೆ ಕೇಳಿದರು. ತಿಮಿಂಗಿಲಗಳ ಅಧ್ಯಯನದ ಹಡಗಿನಿಂದ ನಾನು ಊರಿಗೆ ಬಂದಿಳಿದ ದಿನ ನನ್ನ ಚೀಲ ಎತ್ತಿ ಇಡುತ್ತ, ದನಿ ತಗ್ಗಿಸಿ, "ತಿಮಿಂಗಿಲದ ವಾಂತಿ ಏನಾದ್ರೂ ತಂದ್ಯಾ?" ಎಂದರು. ಕೋಟಿಗಟ್ಟಲೆ ಬೆಲೆಯಂತೆ ಎಂದು ಪೇಪರಿನಲ್ಲಿ ಓದಿದ್ದರು. "ತಂದಿಲ್ಲ ದೇವೇಂದ್ರಣ್ಣ. ತಂದಿದ್ರೆ ನನ್ನ ಜೊತೆ ನಿಮ್ಮ ಜೀಪೂ ಸ್ಟೇಷನ್ನಿನಲ್ಲಿ ನಿಲ್ಬೇಕಾಗ್ತಿತ್ತು" ಎಂದೆ. ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ನಮ್ಮ ದೇಶದಲ್ಲಿ ಅಪರಾಧ. ದೇವೇಂದ್ರಣ್ಣ ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ. ಅವರಿಗೂ ವಂದನೆಗಳು.

ತಿಮಿಂಗಿಲಕ್ಕೆ ಇಲ್ಲಿ ಕೆಲಸವಿದೆ. ಹೇಗೆಂದು ಹೇಳುತ್ತೇನೆ.

ಮೂಡಿಗೆರೆ ಕಡೆಯ ದೇವರಮನೆಯ ಹುಲ್ಲುಗುಡ್ಡದ ಅಂಚಿನಲ್ಲಿ ನಿಂತರೆ ಪಶ್ಚಿಮಕ್ಕೆ ನೆಲ ಹೇಗೆ ಕಾಲ ಬುಡದಿಂದಲೇ ಕಡಿದು ಬೀಳುತ್ತದೆ, ನೋಡಿದ್ದೀರಿ. ಕಡಲ ತಳವೂ ಹಾಗೆಯೇ. ದಡದಿಂದ ಬಹಳ ದೂರದವರೆಗೆ ಮೆಲ್ಲಗೆ ಇಳಿದು, ಒಂದು ಕಡೆ ಥಟ್ಟನೆ ಕೆಳಗೆ ಹೋಗುತ್ತದೆ. ನೀರಿನೊಳಗೂ ಒಂದು ಘಟ್ಟ ಇದೆ ಎಂದುಕೊಳ್ಳಿ. ಸ್ಪರ್ಮ್ ತಿಮಿಂಗಿಲ ಇರುವುದು ಆ ಘಟ್ಟದ ಅಂಚಿನಿಂದ ಆಚೆಗೆ. ಮೈಯಲ್ಲಿ ಮೂರನೇ ಒಂದು ಪಾಲು ತಲೆಯೇ ಆಗಿರುವ ಪ್ರಾಣಿ ಅದು. ಒಂದು ಕಿಲೋಮೀಟರ್ ಆಳಕ್ಕೆ ಮುಳುಗಿ, ಮುಕ್ಕಾಲು ಗಂಟೆ ಉಸಿರು ಹಿಡಿದು, ಕತ್ತಲೆಯಲ್ಲಿ ಟಕ್ ಟಕ್ ಎಂದು ಸದ್ದು ಮಾಡಿ, ಅದರ ಮರುದನಿಯಿಂದ ಬೇಟೆ ಹುಡುಕುತ್ತದೆ. ಬೇಟೆ ಎಂದರೆ ಹೆಚ್ಚಾಗಿ ಸ್ಕ್ವಿಡ್. ಕರಾವಳಿಯವರು ಬೊಂಡಾಸ್ ಎನ್ನುತ್ತಾರೆ. ಮರಿಗಳು ಅಷ್ಟು ಆಳಕ್ಕೆ ಇಳಿಯಲಾರವು. ಆದ್ದರಿಂದ ತಾಯಂದಿರು ಸರದಿಯಲ್ಲಿ ಮುಳುಗುತ್ತಾರೆ, ಯಾರಾದರೂ ಒಬ್ಬರು ಮೇಲೆ ಉಳಿದು ಮರಿ ನೋಡಿಕೊಳ್ಳುತ್ತಾರೆ. ಕೊಯ್ಲಿನ ದಿನಗಳಲ್ಲಿ ನಮ್ಮ ತೋಟದ ಕೆಲಸಗಾರರ ಲೈನಿನ ಮನೆಗಳ ಮುಂದೆ ಕಾಣುವುದೂ ಇದೇ ಅಲ್ಲವೇ?

ಇನ್ನು ಗಾಳಿ. ಜೂನ್‌ನಿಂದ ನಮ್ಮ ಮೇಲೆ ಮಳೆ ಸುರಿಸುವ ಗಾಳಿ, ನಮ್ಮನ್ನು ಮುಟ್ಟುವ ಮೊದಲು ಕಡಲನ್ನು ಉಳುತ್ತದೆ. ದಡದ ಉದ್ದಕ್ಕೂ ಮೇಲಿನ ಬಿಸಿನೀರನ್ನು ಸರಿಸುತ್ತದೆ; ಆಳದ ತಣ್ಣೀರು ಮೇಲೇಳುತ್ತದೆ. ಆ ತಣ್ಣೀರಿನಲ್ಲಿ ಗೊಬ್ಬರದಂಥ ಸಾರವಿರುತ್ತದೆ. ಬಿಸಿಲು ತಾಗಿದಾಗ ನೀರು ಹಸಿರಾಗುತ್ತದೆ. ಹಸಿರನ್ನು ತಿನ್ನಲು ಕಣ್ಣಿಗೆ ಕಾಣದ ಜೀವಗಳು, ಅವನ್ನು ತಿನ್ನಲು ಮೀನು, ಮೀನನ್ನು ತಿನ್ನಲು ಸ್ಕ್ವಿಡ್, ಸ್ಕ್ವಿಡ್ ತಿನ್ನಲು ತಿಮಿಂಗಿಲ. ಇದಕ್ಕೆಲ್ಲ ವಾರಗಳು, ತಿಂಗಳುಗಳು ಬೇಕು. ಗೊಬ್ಬರ ಹಾಕಿದ ವಾರಕ್ಕೇ ಹಣ್ಣು ಕೊಯ್ಯಲು ಆಗುತ್ತದೆಯೇ? ನಮ್ಮ ಅರಬ್ಬೀ ಸಮುದ್ರದ ನಡುಪದರದಲ್ಲಿ ಆಮ್ಲಜನಕವೂ ತೀರ ಕಡಿಮೆ. ಅನೇಕ ಮೀನುಗಳು ಅಲ್ಲಿಗೆ ಇಳಿಯಲಾರವು, ಕೆಲವು ಬಗೆಯ ಸ್ಕ್ವಿಡ್ ತಾಳಿಕೊಳ್ಳುತ್ತವೆ. ತಿಮಿಂಗಿಲಕ್ಕೆ ಆ ಚಿಂತೆಯಿಲ್ಲ. ಬುತ್ತಿ ಕಟ್ಟಿಕೊಂಡು ತೋಟಕ್ಕೆ ಹೋಗುವವರಂತೆ ಅದು ಉಸಿರನ್ನು ಮೇಲಿನಿಂದಲೇ ಕಟ್ಟಿಕೊಂಡು ಹೋಗುತ್ತದೆ.

ಈಗ ಕಡಲು ಬಿಸಿಯಾಗುತ್ತಿದೆ. ಮೇಲಿನ ನೀರು ಹೆಚ್ಚು ಬಿಸಿಯಾದರೆ ಮುಚ್ಚಳ ಹಾಕಿದಂತೆ ಕೂತುಬಿಡುತ್ತದೆ. ಆಳದ ಸಾರ ಮೇಲೆ ಬರುವುದಿಲ್ಲ. ಊಟದ ಜಾಗ ಬದಲಾಗುತ್ತದೆ, ತಿಮಿಂಗಿಲ ಹಿಂದೆಯೇ ಹೋಗುತ್ತದೆ. ಹೋದ ದಾರಿಯಲ್ಲಿ ಹಡಗುಗಳಿರುತ್ತವೆ. ಆಳದಿಂದ ಬಂದ ತಿಮಿಂಗಿಲ ದಣಿವಾರಿಸಿಕೊಳ್ಳಲು ಮರದ ದಿಮ್ಮಿಯಂತೆ ಮೇಲೆ ತೇಲುತ್ತಿರುತ್ತದೆ. ದೊಡ್ಡ ಹಡಗಿನವರಿಗೆ ಅದು ಕಾಣುವುದೂ ಇಲ್ಲ, ಬಡಿದದ್ದು ತಿಳಿಯುವುದೂ ಇಲ್ಲ. ಬೆನ್ನು ಸೀಳಿದ ಒಂದು ತಿಮಿಂಗಿಲ ದಡಕ್ಕೆ ಬಂದು ಬಿದ್ದದ್ದನ್ನು ನಾನು ನೋಡಿದ್ದೇನೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಕಣ್ಣು ತೀರ ಚಿಕ್ಕದು, ನಮ್ಮ ಮನೆಯ ಎಮ್ಮೆಯ ಕಣ್ಣನ್ನು ನೆನಪಿಸುವಂಥದ್ದು. ಇಷ್ಟು ಸಾಕು.

ಇಂಥ ಪ್ರಾಣಿಗೆ ಬೇಲಿ ಎಲ್ಲಿ ಹಾಕುವುದು? ಕಾಡಿಗಾದರೆ ಗಡಿಕಲ್ಲು ನೆಡಬಹುದು. ಗಾಳಿಯ ಜೊತೆ ಜಾಗ ಬದಲಿಸುವವರಿಗೆ ಯಾವ ಕಲ್ಲು ನೆಡುತ್ತೀರಿ? ಗಾಳಿ ಜೋರಿದ್ದ ವರ್ಷ ಯಾವ ತಿಂಗಳು ಅವು ಎಲ್ಲಿರುತ್ತವೆ, ಗಾಳಿ ಸೋತ ವರ್ಷ ಎಲ್ಲಿರುತ್ತವೆ ಎಂದು ತಿಳಿದರೆ, ಆ ತಿಂಗಳು ಆ ಜಾಗದಲ್ಲಿ ಹಡಗುಗಳು ನಿಧಾನವಾಗಿ ಹೋಗಲಿ ಎಂದು ಕೇಳಬಹುದು. ಮೇಡಂ ಆರು ವರ್ಷದಿಂದ ತಯಾರಿಸುತ್ತಿರುವುದು ಆ ನಕ್ಷೆ. ಬರುವ ತಿಂಗಳು ಅದನ್ನು ಸರ್ಕಾರಕ್ಕೆ ಸಲ್ಲಿಸಬೇಕು.

ಆದರೆ ಉಪಗ್ರಹಗಳು ಕಡಲನ್ನು ನೋಡುವ ಮೊದಲಿನ ವರ್ಷಗಳಲ್ಲಿ ಗಾಳಿ ಎಷ್ಟು ಜೋರಿತ್ತು? ಹಳೆಯ ಹಡಗಿನವರು ತಿಮಿಂಗಿಲ ಕಂಡ ದಿನಗಳನ್ನು ಬರೆದಿಟ್ಟಿದ್ದಾರೆ. ಆ ವರ್ಷಗಳ ಗಾಳಿಗೆ ಸಾಕ್ಷಿ ಯಾರು? ಮೇಡಂ ಹುಡುಕಿದ ಸಾಕ್ಷಿಗಳಲ್ಲಿ ಒಂದು ನಮ್ಮ ಮಳೆ ಪುಸ್ತಕ. ಗಾಳಿ ಜೋರಾದರೆ ಘಟ್ಟದ ಮೇಲೆ ಮಳೆ ಜೋರು. ಪ್ರತಿ ತೋಟದಲ್ಲೂ ಇಂಚು, ಇಂಚಿನ ನೂರನೇ ಒಂದು ಪಾಲಾದ ಸೆಂಟು, ಈ ಲೆಕ್ಕದಲ್ಲಿ ಮಳೆ ಬರೆದಿಡುವ ಜನ ನಾವು. ಕೈಬರಹದ ಕನ್ನಡ ಪುಸ್ತಕಗಳನ್ನು ಓದಿ ಕಂಪ್ಯೂಟರಿಗೆ ಹಾಕುವವರು ಬೇಕು ಎಂಬ ಪ್ರಕಟಣೆ ಬಂತು. ಕನ್ನಡ ಎಂ.ಎ. ಮಾಡಿ ಮನೆಯಲ್ಲಿ ಕೂತಿದ್ದ ನನಗೆ ಆ ಕೆಲಸ ಸಿಕ್ಕಿತು. ಮೊದಲು ಓದಿದ ಪುಸ್ತಕ ಅಜ್ಜನದೇ. ನಲವತ್ತೊಂದು ವರ್ಷ. ಆ ಮೇಜಿನ ಮೇಲಿನ ಫಲಕದಲ್ಲಿ ಕೆತ್ತಿರುವಂತೆ, "ಒಂದು ದಿನವೂ ತಪ್ಪದೆ".

ಕಳೆದ ನವೆಂಬರಿನಲ್ಲಿ ಮೇಡಂ ನನ್ನನ್ನು ಹದಿನಾರು ದಿನ ಹಡಗಿನಲ್ಲಿ ಕರೆದುಕೊಂಡು ಹೋದರು. ನೀರಿನೊಳಗೆ ಇಳಿಬಿಟ್ಟ ಮೈಕಿಗೆ ಕಿವಿಗೊಟ್ಟು, ಕಾಲುಗಂಟೆಗೊಮ್ಮೆ, ತಿಮಿಂಗಿಲದ ಸದ್ದು ಎಷ್ಟು ಕೇಳಿತು ಎಂದು ಬರೆಯುವುದು ನನ್ನ ಕೆಲಸ. ಮೊದಲ ನಾಲ್ಕು ದಿನ ಏನೂ ಕೇಳಲಿಲ್ಲ. ಸೊನ್ನೆ, ಸೊನ್ನೆ, ಸೊನ್ನೆ. ಹಾಳೆ ನೋಡಿ ನನಗೇ ನಾಚಿಕೆಯಾಯಿತು. ಇಷ್ಟು ದೂರ ಕರೆತಂದು ಊಟ ಹಾಕಿದ್ದಾರೆ, ನಾನು ಸೊನ್ನೆ ಬರೆದು ಕೊಡುತ್ತಿದ್ದೇನೆ! ಮೇಡಂ ನಕ್ಕರು. "ದೀಪಶ್ರೀ, ತಿಮಿಂಗಿಲ ಎಲ್ಲಿಲ್ಲ ಅಂತ ಗೊತ್ತಾಗದೆ ಎಲ್ಲಿದೆ ಅಂತ ಹೇಗೆ ಹೇಳೋದು? ಕೇಳಿಸಿಕೊಂಡು ಬರೆದ ಸೊನ್ನೆ ನನಗೆ ಬಂಗಾರ. ತೂಕಡಿಸಿದ್ರೆ ಜಾಗ ಖಾಲಿ ಬಿಡು, ಪರವಾಗಿಲ್ಲ. ಕೇಳದೆ ಏನನ್ನೂ ಬರೀಬೇಡ."

ಐದನೆಯ ದಿನ ಮಧ್ಯಾಹ್ನ, ಆ ನೀರಿನ ಘಟ್ಟದ ಅಂಚಿನಲ್ಲಿ, ಕೇಳಿತು. ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಬೀಜ ಕಣದ ಸಿಮೆಂಟಿನ ಮೇಲೆ ಒಂದೊಂದಾಗಿ ಬಿದ್ದಂತೆ. ಟಕ್. ಟಕ್. ಟಕ್. ಆಮೇಲೆ ಬೇಗ ಬೇಗ, ಕೊನೆಗೆ ಹಳೆಯ ಬಾಗಿಲು ತೆರೆದಂತೆ ಕರ್ರ್ ಎಂದು. ಆಮೇಲೆ ಮೌನ. ಬೇಟೆ ಸಿಕ್ಕಿರಬೇಕು, ಅಥವಾ ತಪ್ಪಿರಬೇಕು. ನಾನು ಅಳುತ್ತಿದ್ದೆ. ಸುತ್ತಲಿದ್ದವರು ಖುಷಿಗೆ ಎಂದುಕೊಂಡರು. ಖುಷಿಯೂ ಇತ್ತು.

ಹಾಳೆಯಲ್ಲಿ ಇದಾದ ಮೇಲೆ ಇರುವುದು ಅಜ್ಜನ ಗುಣಗಾನ. ಅದನ್ನು ಓದುವ ಮೊದಲು ಒಂದು ಹಳೆಯ ಮಾತು.

ನಾನು ಆರನೇ ತರಗತಿಯಲ್ಲಿದ್ದಾಗ ಅಜ್ಜ ಕಣದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಒಣ ತಿಂಗಳುಗಳಲ್ಲಿ ಕೋಲೂರಿ ಹೋದರೂ, ಮೂರು ಮಳೆಗಾಲ ಆ ಜಾರುವ ಗುಡ್ಡ ಅವರಿಗೆ ಹತ್ತಲಾಗಲಿಲ್ಲ. ನಮ್ಮ ಅಜ್ಜಿ ಸಾವಿತ್ರಮ್ಮ "ಹಾಳು ಪುಸ್ತಕ, ಒಂದೆರಡು ವರ್ಷ ಬಿಟ್ರೆ ಮಳೆ ಬರೋದು ನಿಲ್ತದಾ?" ಎಂದರು. ಅಜ್ಜ ಒಪ್ಪಲಿಲ್ಲ. ಪುಸ್ತಕ ನನ್ನ ಕೈಗೆ ಬಂತು. ಹನ್ನೊಂದು ದಿನ ಹೋದೆ. ಲೆಕ್ಕವಿಟ್ಟಿದ್ದೆ, ಅದಕ್ಕೇ ಗೊತ್ತು. ಕಾಲಿಗೆ ಹತ್ತಿ ರಕ್ತ ಹೀರುವ ಗುಡ್ಡದ ದಾರಿಯ ಉಂಬಳಗಳು ನಿಮಗೆ ಗೊತ್ತು. ಹನ್ನೆರಡನೆಯ ದಿನ ಕೊಡೆ ಹಿಡಿದು ಜಗಲಿಯಲ್ಲೇ ನಿಂತು, ಹೆಂಚಿನ ಮೇಲಿನ ಸದ್ದು ಕೇಳಿ, ಒಳಗೆ ಬಂದು "ಎರಡೂವರೆ" ಎಂದೆ.

ಮೊದಲು ಸೋಮಾರಿತನವಿತ್ತು, ನಿಜ. ಆಮೇಲೆ ಬೇರೇನೋ ಸೇರಿಕೊಂಡಿತು. ದಿನಾ ಎಂಟೂಕಾಲಿಗೆ ಪಕ್ಕದ ತೋಟದಿಂದ ಫೋನು ಬರುತ್ತಿತ್ತು. ಅಧ್ಯಕ್ಷರು ಕ್ಷಮಿಸಬೇಕು. "ಎಷ್ಟು ಮಂಜಯ್ಯ?" "ಮೂರೂವರೆ ಇಂಚು. ನಿಮ್ದು?" "ನಮ್ದೂ... ಮೂರು ಇಂಚು ಎಪ್ಪತ್ತು ಸೆಂಟು." ನಮ್ಮಲ್ಲಿ ಮಳೆಯನ್ನು ಬೈಯುವುದೂ ಉಂಟು, ಪಕ್ಕದವರಿಗಿಂತ ಕಡಿಮೆ ಬಂದರೆ ಅವಮಾನವೂ ಉಂಟು. ಮಂಚ ಹಿಡಿದಿದ್ದ ಅಜ್ಜನಿಗೆ ದಿನದಲ್ಲಿ ಅದೊಂದೇ ಪಂದ್ಯ. ನಾನು "ನಾಲ್ಕು" ಎಂದ ದಿನ ಅವರ ಮುಖ ಅರಳುತ್ತಿತ್ತು. "ನಾಲ್ಕಾ? ಹಂಗಾದ್ರೆ ಓಂಕಾರಪ್ಪನಿಗೆ ಮೂರೂ ಬಂದಿರಲ್ಲ!" ಎಂದು ಎದ್ದು ಕೂರುತ್ತಿದ್ದರು. ಎದ್ದು ಕೂರಲಿ ಎಂದು ನಾನು ನಾಲ್ಕು ಎನ್ನುತ್ತಿದ್ದೆ. ಅವರ ಅಕ್ಷರದಂತೆಯೇ ಬರೆಯುವುದನ್ನೂ ಕಲಿತೆ.

ಕಳೆದ ವರ್ಷ ಆ ಪುಸ್ತಕವನ್ನು ಕಂಪ್ಯೂಟರಿಗೆ ಹಾಕುವಾಗ ಆ ಪುಟಗಳು ಬಂದವು. ಅಜ್ಜನ ಅಂಕಿಗಳು ಹದಿಮೂರು ಸೆಂಟು, ನಲವತ್ತೇಳು ಸೆಂಟು ಎಂದು ಅಡ್ಡಾದಿಡ್ಡಿ. ನನ್ನವು ಒಂದೂವರೆ, ಎರಡು, ಎರಡೂವರೆ. ಮಕ್ಕಳ ಲೆಕ್ಕ. ನಲವತ್ತೊಂದರಲ್ಲಿ ಮೂರು ವರ್ಷ ಏನು ಮಹಾ ಎಂದುಕೊಂಡು ಹಾಗೆಯೇ ಹಾಕಿದೆ. ಹನ್ನೊಂದು ವರ್ಷದ ಹುಡುಗಿ ಮಾಡಿದ್ದು ತಪ್ಪಾದರೆ, ಇಪ್ಪತ್ತೈದು ವರ್ಷದವಳು ಮಾಡಿದ್ದಕ್ಕೆ ಏನೆನ್ನಬೇಕು?

ಹಡಗಿನಲ್ಲಿ ಮೇಡಂ ನಕ್ಷೆ ತೋರಿಸಿ ಹೇಳಿದರು. ಹಿಂದೆ ಅವರ ಕೇಂದ್ರದವರು ಮೂರು ವರ್ಷ ಕಡಲತಳದಲ್ಲಿ ಒಂದು ಯಂತ್ರವಿಟ್ಟು ಎಡೆಬಿಡದೆ ತಿಮಿಂಗಿಲದ ಸದ್ದು ದಾಖಲಿಸಿದ್ದರಂತೆ. ಹಳೆಯ ತಕ್ಕಡಿಯನ್ನು ನಂಬುವ ಮೊದಲು ಗೊತ್ತಿರುವ ತೂಕದ ಕಲ್ಲು ಇಟ್ಟು ನೋಡುತ್ತೇವಲ್ಲ, ಹಾಗೆ, ಮಳೆ ಪುಸ್ತಕ ನಿಜವೇ ಎಂದು ಆ ಮೂರು ವರ್ಷಗಳ ಪಕ್ಕ ಇಟ್ಟು ನೋಡುತ್ತಾರೆ. ಆ ಮೂರು ವರ್ಷ ನಾನು ಆರು, ಏಳು ಮತ್ತು ಎಂಟನೇ ತರಗತಿಯಲ್ಲಿದ್ದೆ. ಹಡಗು ನಿಧಾನವಾಗುವುದು ಬೇಡವೆನ್ನುವವರು ಬಹಳ ಮಂದಿ ಇದ್ದಾರೆ. ಅವರಿಗೆ ಒಂದು ಸುಳ್ಳು ಸಿಕ್ಕಿದರೆ ಸಾಕು, ಇಡೀ ನಕ್ಷೆಯನ್ನೇ ಬದಿಗಿಡುತ್ತಾರೆ.

ಬೆಳಿಗ್ಗೆಯ ಸಂಗತಿಯನ್ನು ನಾನು ಪೂರ್ತಿ ಹೇಳಲಿಲ್ಲ. ಅಜ್ಜ ಸೊನ್ನೆ ಬರೆದ ಮೇಲೆ ನಾನು ಬಾಯಿಬಿಟ್ಟೆ. "ಅಜ್ಜ, ನಿಮ್ಗೆ ಸೊಂಟ ಮುರಿದಿದ್ದಾಗ ನಾನು ಇಲ್ಲಿಗೆ ಬರ್ತಿರ್ಲಿಲ್ಲ."

"ಮತ್ತೆ ಪುಸ್ತಕ ತುಂಬಿತ್ತಲ್ಲೇ?"

"ಹೆಂಚಿನ ಸದ್ದು ಕೇಳಿ ತುಂಬಿಸ್ದೆ."

ಅವರು ಗ್ಲಾಸನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಗುಡ್ಡ ಇಳಿದರು. ಕಡುಬು ತಿನ್ನುವಾಗ ತಲೆ ಎತ್ತದೆ ಹೇಳಿದರು: "ಇವತ್ತೊಂದಿನ ಸುಮ್ನಿರು ಮಾರಾಯ್ತಿ. ಆ ಓಂಕಾರಪ್ಪನ ಎದ್ರಿಗೆ ಬೇಡ. ನಾಳೆ ನಿಮ್ಮ ಮೇಡಂಗೆ ಹೇಳ್ಕೊ."

ಸುಮ್ಮನಿರಬೇಕೆಂದೇ ಜೀಪು ಹತ್ತಿದೆ. ಆದರೆ ಫಲಕದ ಮೇಲಿನ ಆ ಮೂರು ಪದಗಳನ್ನು ನೋಡಿದೆ. ಸೊನ್ನೆಯನ್ನು ಕೂಡ ನೋಡದೆ ಬರೆಯದ ಮನುಷ್ಯನಿಗೆ, ನೋಡದೆ ಬರೆದ ಸಾಲನ್ನು ಕೆತ್ತಿ ಕೊಡುವುದು ಹೇಗೆ? ಆದ್ದರಿಂದ ಸಭೆಯ ಮುಂದೆ ಹೇಳುತ್ತಿದ್ದೇನೆ, ಆ ಮೂರು ಮಳೆಗಾಲ...

ಕ್ಷಮಿಸಿ. ಅಜ್ಜ ಕೈಸನ್ನೆ ಮಾಡುತ್ತಿದ್ದಾರೆ. ಅವರಿಗೆ ಎಡಗಿವಿ ಮಂದ. ನನ್ನ ದನಿ ಇಳಿದುಹೋಯಿತೆಂದು ಕಾಣುತ್ತದೆ. ಬಲಗಿವಿಗೆ ಅಂಗೈ ಹಿಡಿದುಕೊಂಡು, ಇನ್ನೊಂದು ಕೈಯನ್ನು ಮೇಲೆ ಮೇಲೆ ಎತ್ತುತ್ತಿದ್ದಾರೆ. ಏನು ಹೇಳುತ್ತಿದ್ದೇನೆಂದು ಅವರಿಗೆ ಗೊತ್ತಿಲ್ಲವೆಂದು ನಾನು ಅಂದುಕೊಳ್ಳುವುದಿಲ್ಲ. ಗಟ್ಟಿಯಾಗಿ ಹೇಳು ಎನ್ನುತ್ತಿದ್ದಾರೆ.

ಆಗಲಿ ಅಜ್ಜ.

ಮಂಜಯ್ಯನವರ ಮಳೆ ಪುಸ್ತಕದಲ್ಲಿ ಮೂರು ಮಳೆಗಾಲದ ಅಂಕಿಗಳು ಸುಳ್ಳು. ಅವು ಅವರು ಬರೆದದ್ದಲ್ಲ. ಮೊಮ್ಮಗಳು ದೀಪಶ್ರೀ ಅಳೆಯದೆ ಬರೆದದ್ದು.

ಕೇಳಿತೇ? ಕೇಳಿತಂತೆ. ತಲೆಯಾಡಿಸುತ್ತಿದ್ದಾರೆ.

ಅಧ್ಯಕ್ಷರೇ, ಫಲಕ ಓದುವಾಗ ದಯವಿಟ್ಟು "ಮೂರು ಮಳೆಗಾಲ ಬಿಟ್ಟು" ಎಂದು ಸೇರಿಸಿ ಓದಿ. ಇನ್ನೂ ಒಂದು ಬೇಡಿಕೆ. ಆ ಮೂರು ವರ್ಷದ ನಿಮ್ಮ ಪುಸ್ತಕ ಬೇಕು. ಅಜ್ಜನಿಗಿಂತ ಹಿಂದೆ ಬೀಳಬಾರದೆಂದು ಫೋನಿನಲ್ಲಿ ಸೇರಿಸಿದ ಸೆಂಟುಗಳು ಪುಸ್ತಕಕ್ಕೂ ಸೇರಿದ್ದರೆ, ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಕೊಡಿ. ನೀವು ನಗುತ್ತಿದ್ದೀರಿ, ಆದರೆ ಇಲ್ಲ ಎನ್ನುತ್ತಿಲ್ಲ. ಸಭಿಕರಲ್ಲೂ ಕೇಳುತ್ತೇನೆ: ಮೂಡಿಗೆರೆ ಕಡೆಯವರಾಗಲಿ, ಅತ್ತಿಗುಂಡಿಯ ಮೇಲಿನವರಾಗಲಿ, ನಿಮ್ಮ ನೆಂಟರ ಅಟ್ಟದಲ್ಲಿ ಆ ವರ್ಷಗಳ ಮಳೆ ಪುಸ್ತಕವಿದ್ದರೆ ಹೇಳಿ. ಗೆದ್ದಲು ತಿಂದಿದ್ದರೂ ಸರಿ, ಬಂದು ಓದಿಕೊಂಡು ಹೋಗುತ್ತೇನೆ. ತಿಂದ ಜಾಗ ಖಾಲಿ ಇರಲಿ, ತುಂಬಿಸಿ ಕೊಡಬೇಡಿ.

ಮೇಡಂ, ಮೇ ತಿಂಗಳಲ್ಲಿ ಹೊರಡುವ ಹಡಗಿನ ಪಟ್ಟಿಯಲ್ಲಿ ನನ್ನ ಹೆಸರಿದೆ. ಅದನ್ನು ತೆಗೆಯುವ ಹಕ್ಕು ನಿಮಗಿದೆ. ತೆಗೆದರೆ ನಾನು ಏನೂ ಕೇಳುವುದಿಲ್ಲ. ತೆಗೆಯದಿದ್ದರೂ, ಈ ಪುಸ್ತಕಗಳನ್ನೆಲ್ಲ ಓದಿ ಮುಗಿಸದೆ ನಾನು ಹಡಗು ಹತ್ತುವುದಿಲ್ಲ. ಇದನ್ನು ಬೆಳಿಗ್ಗೆಯೇ ನಿರ್ಧರಿಸಿದೆ, ಆ ಇರುವೆ ಗ್ಲಾಸಿಗೆ ಬಿದ್ದಾಗ. ಅಜ್ಜನ ಪುಸ್ತಕ ನನ್ನ ಚೀಲದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೂರು ಮಳೆಗಾಲಕ್ಕೆ ಮುನ್ನೂರ ಅರವತ್ತಾರು ದಿನಗಳು. ನಿಜವಾಗಿ ಹೋದ ಹನ್ನೊಂದು ಯಾವುವೆಂದು ಈಗ ಖಾತ್ರಿಯಿಲ್ಲ, ಅವೂ ಹೋಗಲಿ. ಒಂದನ್ನೂ ಅಳಿಸುವುದಿಲ್ಲ. ಪ್ರತಿಯೊಂದರ ಮೇಲೂ ಒಂದು ಗೆರೆ ಎಳೆದು, ಪಕ್ಕದಲ್ಲಿ "ಅಳೆದಿಲ್ಲ" ಎಂದು ನನ್ನದೇ ಅಕ್ಷರದಲ್ಲಿ ಬರೆದು ಸಹಿ ಮಾಡುತ್ತೇನೆ. ಇವತ್ತು ಸಂಜೆ ಶುರು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ. ಮುಖ್ಯ ಅತಿಥಿಗಳನ್ನು ಈ ಸಲ ಮರೆತಿಲ್ಲ. ಮೇಡಂ ಅವರಿಗೆ, ಅಧ್ಯಕ್ಷರಿಗೆ, ಸಂಘದವರಿಗೆ, ಮೈಕಿನವರಿಗೆ ಒಂದೇ ಸಲ, ಮತ್ತು ಗಟ್ಟಿಯಾಗಿ ಹೇಳು ಎಂದ ನನ್ನ ಅಜ್ಜನಿಗೆ ನಾನು ಋಣಿ. ನಾಳೆ ಬೆಳಿಗ್ಗೆ ಎಂಟಕ್ಕೆ ಗುಡ್ಡ ಹತ್ತುವವಳು ನಾನು. ಬೇಡವೆಂದರೂ ಅಜ್ಜ ಹಿಂದೆ ಬರುತ್ತಾರೆ, ಗೊತ್ತಿದೆ. ಮಳೆ ಬರುವ ಲಕ್ಷಣವೇನೂ ಇಲ್ಲ. ಆದರೂ ಬಾಟಲಿ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿಯೇ ಬರೆಯುತ್ತೇನೆ.

ನಮಸ್ಕಾರ.